ಅರಿಶಿನ ಬೇಡ, ಆ್ಯಸಿಡ್ ಸಾಕು

(ಬಸವನಗುಡಿ. ಮದುವೆ ಮನೆ. ದುಪಟ್ಟಾ ಮುಸುಕಿನಲ್ಲಿ ರಶ್ಮಿ. ಎದುರಿಗೆ ಸೋದರತ್ತೆ ಶಾರದಮ್ಮ.)

"ಮುಸುಕು ತೆಗಿಯೇ. ಅಯ್ಯೋ! ಮೂಗಿನ ಪಕ್ಕ ಹಳೇ ಗೋಡೆ ಸುಣ್ಣದ ಹಾಗೆ ಹಕ್ಕಳಿಕೆ ಎದ್ದಿದೆಯಲ್ಲೇ!"

"ಕೆಮಿಕಲ್ ಪೀಲ್ ಅತ್ತೆ. 30 ಪರ್ಸೆಂಟ್ ಗ್ಲೈಕಾಲಿಕ್ ಆ್ಯಸಿಡ್. ಮೇಲಿನ ಪದರ ಉದುರಿ ಹೊಸ ಚರ್ಮ ಬರತ್ತೆ."

"ದುಡ್ಡು ಕೊಟ್ಟು ಆ್ಯಸಿಡ್ ಹಾಕಿಸಿಕೊಂಡ್ಯಾ?"

"ಹೆದರಬೇಡಿ, ಅದು ಕಬ್ಬಿನಲ್ಲೂ ಇರತ್ತೆ."

"ಹಾಗಾದ್ರೆ ಮಂಡ್ಯದಲ್ಲಿ ಆಲೆಮನೆ ಮುಂದೆ ನಿಂತಿದ್ರೆ ಸಾಕಿತ್ತಲ್ಲ! ಬೆಳ್ಳಗಾಗೋಕಾ?"

"ಛೇ, ಮೊಡವೆ ಕಲೆಗೆ."

"ಮತ್ತೆ ನಿಮ್ಮಮ್ಮ ಬೀಗಿತ್ತಿಗೆ ಫೋನಲ್ಲಿ 'ಹುಡುಗಿ ಎರಡು ಶೇಡ್ ತಿಳಿಯಾಗ್ತಾಳೆ' ಅಂತಿದ್ಲು?"

(ರಶ್ಮಿಗೆ ತಟ್ಟನೆ ಮೊಬೈಲ್ ನೆನಪಾಯಿತು. ಇಂಥ ಹೊತ್ತಿಗೆಂದೇ ಅದನ್ನು ಕಂಡುಹಿಡಿದಿರಬೇಕು.)

"ಡಾಕ್ಟರಿಗೆ ತೋರಿಸಿದ್ಯಾ?"

"ತೋರಿಸಿದೆ. ತಿಂಗಳುಗಟ್ಟಲೆ ಮುಂಚೆ ಬರಬೇಕಿತ್ತು ಅಂದ್ರು. ನಮ್ಮ ಕಂದು ಚರ್ಮಕ್ಕೆ ಜೋರು ಪೀಲ್ ಹಾಕಿದ್ರೆ ಕಲೆ ಹೋಗೋ ಬದಲು ಇನ್ನೂ ಕಪ್ಪಾಗಬಹುದು ಅಂದ್ರು. ಅದಕ್ಕೇ..."

"ಅದಕ್ಕೇ?"

"ಪಾರ್ಲರ್‌ಗೆ ಹೋದೆ. ಅವರು ಏನೂ ಅನ್ನಲಿಲ್ಲ."

"ಈಗೇನು ಪಥ್ಯ?"

"ಬಿಸಿಲಿಗೆ ಹೋಗಬಾರದು. ಸನ್‌ಸ್ಕ್ರೀನ್ ಬಿಡಬಾರದು. ಉದುರೋ ಚರ್ಮ ಕೀಳಬಾರದು. ಸ್ಕ್ರಬ್ಬು, ಕಡಲೆಹಿಟ್ಟು ತಾಗಿಸಬಾರದು."

"ನಾಳೆ ಅರಿಶಿನದ ಶಾಸ್ತ್ರ ಕಣೇ!"

"ಮುಖ ಬಿಟ್ಟು ಹಚ್ಚಿ."

"ಹೋಮದ ಮುಂದೆ ಕೂತ್ಕೊಳ್ಳೋದು?"

"ಪುರೋಹಿತರಿಗೆ ಟೇಬಲ್ ಫ್ಯಾನ್ ಇಡೋಕೆ ಹೇಳಿದೀವಿ."

"ಅಗ್ನಿಸಾಕ್ಷಿಗೆ ಫ್ಯಾನು! ಅವರೇನಂದ್ರು?"

"ಅವರು ಬೈದ್ರು. ಧೈರ್ಯ ಹೇಳಿದ್ದು ಫೋಟೋಗ್ರಾಫರ್ ಒಬ್ರೇ. 'ಮೇಡಂ, ಆಲ್ಬಮ್‌ನಲ್ಲಿ ಎಲ್ಲರ ಚರ್ಮಾನೂ ನಾವೇ ಬದಲಾಯಿಸ್ತೀವಿ, ಪ್ಯಾಕೇಜಲ್ಲೇ ಬರತ್ತೆ' ಅಂದ್ರು."

"ನನ್ನದೂನಾ?"