ರೊಟ್ಟಿ ಬಡಿಯೋರು ಯಾರು?

ಈ ವರ್ಷ ನಮ್ಮ ಮನೆತನದ ಇಬ್ಬರು ತಾಯಂದಿರು ಮತ್ತೆ ಕಾಲೇಜು ಮೆಟ್ಟಿಲು ಹತ್ತಿದ್ದಾರೆ. ಭಾಲ್ಕಿಯ ವೈನಿ (ಅಣ್ಣನ ಹೆಂಡತಿ) ದಿನಾ ಬಸ್ಸು ಹಿಡಿದು ಬೀದರಿಗೆ ಹೋಗಿ ಬಿ.ಎಡ್. ಓದುತ್ತಾರೆ. ನನ್ನ ಹೆಂಡತಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಪಿ.ಜಿ.ಸಿ.ಇ. ಎಂಬ ಶಿಕ್ಷಕ ತರಬೇತಿಗೆ ಸೇರಿದ್ದಾಳೆ. ವೈನಿಯ ಮಗ ಪಿಯುಸಿ, ನನ್ನ ಮಗಳು ಎಂಟನೇ ಕ್ಲಾಸು. ಔರಾದಿನಲ್ಲಿರುವ ಅವ್ವ ಸುದ್ದಿ ಕೇಳಿ ಕೇಳಿದ್ದು ಒಂದೇ ಮಾತು: “ಇಬ್ಬರೂ ಸಾಲಿಗಿ ಹೋದ್ರ ರೊಟ್ಟಿ ಬಡಿಯೋರು ಯಾರ್ರೋ?”

ಉತ್ತರ ಅಣ್ಣನಿಗೂ ನನಗೂ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಬಿ.ಎಡ್. ಮೊದಲು ಒಂದೇ ವರ್ಷದ್ದು. 2015ರಿಂದ ಎರಡು ವರ್ಷವಾಯಿತು. ಮುಗಿದ ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿ.ಇ.ಟಿ. ಕಾಯುತ್ತಿರುತ್ತದೆ, ಸಾಮಾನ್ಯ ವರ್ಗದವರು 150ಕ್ಕೆ 90 ತೆಗೆಯಬೇಕು. ವೈನಿಗೆ ಅದರ ಭಯವಿಲ್ಲ. ನಮ್ಮ ಕಡೆಯವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರವನ್ನೂ ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದಾರೆ. “ನನಗ ಇಲ್ಲಿ ಯಾವ ಜೆ ಬರ್ತದ?” ಎಂದು ನನ್ನಾಕೆ ನಿಟ್ಟುಸಿರು ಬಿಟ್ಟಳು. ಅವಳ ಕೋರ್ಸು ಒಂದೇ ವರ್ಷ, ಅದರಲ್ಲಿ ಬಹುಪಾಲು ಶಾಲೆಯಲ್ಲೇ ಪಾಠ. “ಕಣ್ಣು ಮುಚ್ಚಿ ತೆರೆಯೋದ್ರಾಗ ಮುಗೀತದ” ಅಂದಿದ್ದಳು. ಕಣ್ಣು ಮುಚ್ಚಲು ಪುರುಸೊತ್ತೇ ಸಿಗುವುದಿಲ್ಲ ಎಂಬುದು ಸೇರಿದ ಮೇಲೆ ತಿಳಿಯಿತು.

ಇನ್ನೂ ಹೊಟ್ಟೆ ಉರಿಯುವ ಸಂಗತಿಯೆಂದರೆ, 2023ರಿಂದ ಇಂಗ್ಲೆಂಡು ಭಾರತದ ಗಣಿತ, ವಿಜ್ಞಾನ, ಭಾಷಾ ಶಿಕ್ಷಕರಿಗೆ ತಮ್ಮ ದೇಶದ ಅರ್ಹತೆಯ ಮೇಲೆಯೇ ಶಿಕ್ಷಕ ಮಾನ್ಯತೆಗೆ ಅರ್ಜಿ ಹಾಕಲು ಬಾಗಿಲು ತೆರೆದಿದೆ. ಬೀದರಿನಲ್ಲಿ ಬಿ.ಎಸ್ಸಿ. ಮುಗಿಸಿದ ನನ್ನಾಕೆ ಬಿ.ಎಡ್.ನೂ ಮುಗಿಸಿ ಒಂದು ವರ್ಷ ಪಾಠ ಹೇಳಿದ್ದರೆ ಸಾಕಿತ್ತು. ಅವಸರದಲ್ಲಿ ತಾಳಿ ಕಟ್ಟಿ ವಿಮಾನ ಹತ್ತಿಸಿದವರು ಯಾರು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಆಗಾಗ ಏಳುತ್ತದೆ. ಟಿ.ಇ.ಟಿ.ಯಲ್ಲಾದರೂ ಆರಿಸಿಕೊಳ್ಳಲು ನಾಲ್ಕು ಉತ್ತರ ಕೊಡುತ್ತಾರೆ.

ರಾತ್ರಿ ಊಟವಾದ ಮೇಲೆ ನನ್ನಾಕೆಯ ಪಾಠದ ಅಭ್ಯಾಸಕ್ಕೆ ನಮ್ಮ ಹಾಲ್ ತರಗತಿಯಾಗುತ್ತದೆ. ಮಗಳು ಮುಂದಿನ ಬೆಂಚು, ನಾನು ಹಿಂದಿನದು. ಆಮ್ಲ-ಪ್ರತ್ಯಾಮ್ಲದ ಪಾಠ ಅರ್ಧಕ್ಕೆ ಬಂದಾಗ ಮಗಳು ಕೈ ಎತ್ತಿದಳು: “ಮಿಸ್, ಹಿಂದೆ ಕೂತವರು ಮೊಬೈಲ್ ನೋಡ್ತಿದ್ದಾರೆ.” ಫೋನು ಜಪ್ತಿಯಾಯಿತು. ಆಫೀಸಿನ ಕರೆ ಬಂದರೂ ವಾಪಸು ಸಿಗಲಿಲ್ಲ. ಶಿಸ್ತು ಕಾಪಾಡುವುದಕ್ಕೂ ಅಂಕವಿದೆಯಂತೆ.

ಭಾಲ್ಕಿಯಲ್ಲಿ ಅಣ್ಣನ ಪಾಡು ಇನ್ನೂ ಕಷ್ಟದ್ದು. ವೈನಿಯ ಪಾಠಯೋಜನೆಗೆ ಐದು ಹಂತ: ತೊಡಗಿಸುವುದು, ಶೋಧಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ. ಅವನ್ನು ಅಣ್ಣನ ಮೇಲೆಯೇ ಪ್ರಯೋಗಿಸಿದರು. ಜೋಳದ ಹಿಟ್ಟು, ಕುದಿಯುವ ನೀರು ಮುಂದಿಟ್ಟು ತೊಡಗಿಸಿದರು. ಬಿಸಿ ಎಷ್ಟೆಂದು ಅಣ್ಣ ಬೆರಳಿನಿಂದಲೇ ಶೋಧಿಸಿದ. ಬಡಿಯುವಾಗ ಅಂಚು ಸೀಳಿತು. ಹಂಚಿನ ಮೇಲೆ ಹಾಕಿ ನೀರು ಸವರುವಾಗ ಬಟ್ಟೆಗೇ ಅರ್ಧ ರೊಟ್ಟಿ ಅಂಟಿಕೊಂಡಿತು. ವಿಡಿಯೋ ಕಾಲ್‌ನಲ್ಲಿ ಮೌಲ್ಯಮಾಪನ ಮಾಡಿದವಳು ಅವ್ವ. ಔರಾದಿನವಳಲ್ಲವೇ, ಮಹಾರಾಷ್ಟ್ರದ ಗಡಿ ಚೆನ್ನಾಗಿ ಗೊತ್ತು: “ಇದು ಉದಗೀರ ಕಡಿ ಹೊಂಟದ ನೋಡು.”

ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಅದೇ ಊರಿನಲ್ಲಿ ಈಗ ಅಣ್ಣ ಮುಂಬಾಗಿಲು ಮುಚ್ಚಿಕೊಂಡು ರೊಟ್ಟಿ ಕಲಿಯುತ್ತಾನೆ. ಯಾರಾದರೂ ಬಂದರೆ “ಆಫೀಸಿನ ಮೀಟಿಂಗ್ ನಡದದ” ಎನ್ನುತ್ತಾನೆ. ಫೋನ್ ಮಾಡಿದವರಿಗೆ ನಾನೂ ಇಲ್ಲಿ ಅದನ್ನೇ ಹೇಳುತ್ತೇನೆ. ನನಗೆ ಇಲ್ಲಿ ಬಂದು ನೋಡುವವರಿಲ್ಲ ಎಂಬುದೊಂದೇ ಅನುಕೂಲ.

ಮೊನ್ನೆ ವೈನಿ ಇತಿಹಾಸದ ಪಾಠ ಒಪ್ಪಿಸಿದರು. ಮಹಮೂದ್ ಗವಾನ್ ಇರಾನಿನ ಗಿಲಾನಿನವನು, 1453ರ ಸುಮಾರಿಗೆ ವ್ಯಾಪಾರಿಯಾಗಿ ಬೀದರಿಗೆ ಬಂದ, ಬಹಮನಿಗಳ ಪ್ರಧಾನಿಯಾದ, 1472ರಲ್ಲಿ ಮದರಸಾ ಕಟ್ಟಿಸಿದ. ಎರಡೂ ಮನೆಯವರು ಕಾಲ್‌ನಲ್ಲಿ ಕೇಳುತ್ತಿದ್ದೆವು. ನನ್ನಾಕೆ ನನ್ನ ಕಡೆ ತಿರುಗಿದಳು: “ಅಂವ ನಲವತ್ತು ದಾಟಿದ ಮ್ಯಾಲ ಊರು ಬಿಟ್ಟು ಬಂದು ಮದರಸಾ ಕಟ್ಟಿದ. ನೀವು ಊರು ಬಿಟ್ಟು ಬಂದು ಮನಿ ಸಾಲದ ಕಂತು ಕಟ್ಲತ್ತೀರಿ.”

ಅಣ್ಣ ಗಹಗಹಿಸಿ ನಕ್ಕ. ನಗು ವೈನಿಯ ಕಿವಿಗೂ ಬಿತ್ತು.

“ನಗ್ತೀರಲ್ಲ, ಊರಾಗೇ ಇದ್ದು ನೀವ್ಯಾನ್ ಕಟ್ಟೀರಿ?”

ಕಾಲ್ ಕಟ್ಟಾಯಿತು. ಭಾಲ್ಕಿಯಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದು ಅಣ್ಣ ಆಮೇಲೆ ಮೆಸೇಜು ಹಾಕಿದ.