ಕ್ಲಚ್ ಪಂಡಿತ

ಸ್ನೋಮೊಬೈಲ್ ಓಡಿಸುವ ಹೊತ್ತಿಗಿಂತ ಅದನ್ನು ಬಿಚ್ಚುವ ಹೊತ್ತು ಹೆಚ್ಚಾದಾಗ ಮನುಷ್ಯ ಕ್ಲಚ್ ಪಂಡಿತನಾಗುತ್ತಾನೆ. ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್, ಮಿಶಿಗನ್ನಿನ ಉತ್ತರ ಭಾಗ, ಕೆನಡಾದ ಒಂಟಾರಿಯೊ, ಕ್ವಿಬೆಕ್ ಕಡೆ ಇಂಥವನು ಊರಿಗೊಬ್ಬನಾದರೂ ಇರುತ್ತಾನೆ. ಪ್ರಾಯ ಸಾಮಾನ್ಯವಾಗಿ ನಲವತ್ತು ದಾಟಿರುತ್ತದೆ. ಬೆರಳ ಸಂದಿಯಲ್ಲಿ ಸೋಪಿಗೆ ಬಗ್ಗದ ರಬ್ಬರಿನ ಕಪ್ಪು, ಜೇಬಿನಲ್ಲಿ ಒಂದು ಮಾರ್ಕರ್ ಪೆನ್ನು. ತನ್ನ ಗಾಡಿಯೇ ಸುತ್ತಮುತ್ತಲಿನಲ್ಲಿ ಅತಿ ವೇಗದ್ದೆಂದು ಅವನ ನಂಬಿಕೆ. ಅದು ಸದ್ಯಕ್ಕೆ ಬಿಚ್ಚಿ ಬೆಂಚಿನ ಮೇಲಿರುವುದರಿಂದ ಈ ನಂಬಿಕೆಯನ್ನು ಯಾರೂ ಪರೀಕ್ಷಿಸಲು ಬರುವುದಿಲ್ಲ.

ಅವನ ವಿದ್ಯೆ ತಿಳಿಯಬೇಕಾದರೆ ಯಂತ್ರ ಸ್ವಲ್ಪ ಗೊತ್ತಿರಬೇಕು. ಸ್ನೋಮೊಬೈಲಿಗೆ ಮುಂದೆ ಎರಡು ಸ್ಕೀ, ಹಿಂದೆ ಹಿಮವನ್ನು ಕಚ್ಚುವ ರಬ್ಬರಿನ ಅಗಲ ಪಟ್ಟೆ. ಸವಾರನಿಗೆ ಗೇರ್ ಬದಲಿಸುವ ಕೆಲಸವಿಲ್ಲ. ಎಂಜಿನ್ನಿನ ಕ್ರ್ಯಾಂಕ್ ತುದಿಯಲ್ಲಿ ಒಂದು ರಾಟೆ, ಅದರ ಹಿಂದೆ ಇನ್ನೊಂದು ರಾಟೆ, ಎರಡರ ನಡುವೆ ಓರೆ ಅಂಚಿನ ಬೆಲ್ಟು. ಮೊದಲನೆಯದು ಪ್ರೈಮರಿ, ಎರಡನೆಯದು ಸೆಕೆಂಡರಿ. ಒಂದೊಂದು ರಾಟೆಯೂ ಎದುರುಬದುರು ನಿಂತ ಎರಡು ಬಿಲ್ಲೆಗಳಿಂದಾದದ್ದು. ಎಂಜಿನ್ ಜೋರಾದಂತೆ ಪ್ರೈಮರಿಯೊಳಗಿನ ತೂಕದ ತುಂಡುಗಳು ಹೊರಕ್ಕೆ ಚಿಮ್ಮಲು ನೋಡುತ್ತವೆ, ಸ್ಪ್ರಿಂಗನ್ನು ಮಣಿಸಿ ಬಿಲ್ಲೆಗಳನ್ನು ಹತ್ತಿರ ತಳ್ಳುತ್ತವೆ, ಬೆಲ್ಟು ಅಂಚಿನತ್ತ ಏರುತ್ತದೆ. ಬೆಲ್ಟೇನೂ ಉದ್ದವಾಗುವುದಿಲ್ಲವಾದ್ದರಿಂದ ಸೆಕೆಂಡರಿಯಲ್ಲಿ ಅದು ಬಿಲ್ಲೆಗಳನ್ನು ಅಗಲಿಸಿಕೊಂಡು ಒಳಗಿಳಿಯುತ್ತದೆ. ಗೇರ್ ಪೆಟ್ಟಿಗೆಯಲ್ಲಿ ಐದಾರು ಮೆಟ್ಟಿಲಾಗಿ ನಡೆಯುವ ಕೆಲಸ ಇಲ್ಲಿ ಮೆಟ್ಟಿಲೇ ಇಲ್ಲದೆ ನಡೆದುಹೋಗುತ್ತದೆ. ನಮ್ಮ ಗೇರಿಲ್ಲದ ಸ್ಕೂಟರುಗಳ ಒಳಗೂ ಇರುವುದು ಇದೇ ತತ್ವ. ಆದರೆ ಆಕ್ಟಿವಾ ಓಡಿಸುವವರಿಗೆ ತಮ್ಮ ಗಾಡಿಯಲ್ಲೊಂದು ಬೆಲ್ಟಿದೆಯೆಂದು ಗೊತ್ತಾಗುವುದು ಅದು ಹರಿದ ದಿನ. ಪಂಡಿತನಿಗೆ ಎಚ್ಚರವಾದ ಕೂಡಲೇ ಬರುವ ಮೊದಲ ಯೋಚನೆಯೇ ಬೆಲ್ಟಿನದು.

ಟೂ-ಸ್ಟ್ರೋಕ್ ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವುದು ಬಹಳ ಇಕ್ಕಟ್ಟಾದ ಒಂದು ಜಾಗದಲ್ಲಿ; ದೊಡ್ಡ ಗಾಡಿಗಳಲ್ಲಿ ನಿಮಿಷಕ್ಕೆ 8,000 ಸುತ್ತಿನ ಆಸುಪಾಸು. ಅದಕ್ಕಿಂತ ಕೆಳಗಿದ್ದರೆ ಎಂಜಿನ್ ಏದುಸಿರು ಬಿಡುತ್ತದೆ, ಮೇಲೆ ಹೋದರೆ ಸದ್ದು ಹೆಚ್ಚುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ. ಥ್ರಾಟಲ್ ಪೂರ್ತಿ ಒತ್ತಿದ ಕ್ಷಣದಿಂದ ಗಾಡಿ ತನ್ನ ಗರಿಷ್ಠ ವೇಗ ಮುಟ್ಟುವವರೆಗೂ ಆರ್‌ಪಿಎಂ ಮುಳ್ಳು ಆ ಒಂದೇ ಅಂಕಿಯ ಮೇಲೆ ಅಲುಗದೆ ನಿಲ್ಲಬೇಕು. ಪಂಡಿತನ ಸಮಸ್ತ ದರ್ಶನ ಇಷ್ಟೇ. ಇದು ಸರಿಯಾದದ್ದು ಎಂಬುದನ್ನು ಮೊದಲೇ ಹೇಳಿಬಿಡಬೇಕು. ತೊಂದರೆ ಶುರುವಾಗುವುದು ಆ ಅಂಕಿ 8,000 ಆಗಿರಬೇಕಾದ ಕಡೆ 7,950 ಆದಾಗ.

ಮುಳ್ಳನ್ನು ಸರಿಸುವ ದಾರಿಗಳು ನಾಲ್ಕು. ಪ್ರೈಮರಿಯ ತೂಕ ಹೆಚ್ಚಿಸಿದರೆ ಬೆಲ್ಟು ಬೇಗ ಏರಿ ಎಂಜಿನ್ನಿನ ಮೇಲೆ ಹೊರೆ ಬೀಳುತ್ತದೆ, ಸುತ್ತು ಇಳಿಯುತ್ತದೆ. ತೂಕ ತೆಗೆದರೆ ಏರುತ್ತದೆ. ಪ್ರೈಮರಿಯ ಸ್ಪ್ರಿಂಗ್ ಗಡುಸಾದಷ್ಟೂ ಗಾಡಿ ಹೊರಡುವುದಕ್ಕೆ ಎಂಜಿನ್ ಹೆಚ್ಚು ತಿರುಗಬೇಕು. ಸೆಕೆಂಡರಿಯಲ್ಲಿ ಹೀಲಿಕ್ಸ್ ಎಂಬ ಓರೆ ದಾರಿಯ ಲೋಹದ ತುಂಡೊಂದಿದೆ. ಅದರ ಕೋನ ಕಡಿದಾದರೆ ಗಾಡಿ ಬೇಗ ಮೇಲಿನ ಅನುಪಾತಕ್ಕೆ ಹೋಗುತ್ತದೆ, ಕೋನ ತಗ್ಗಿದರೆ ತಿರುವಿನಿಂದ ಎದ್ದು ಬರುವಾಗ ಚುರುಕಾಗಿ ಕೆಳಗಿನ ಅನುಪಾತಕ್ಕೆ ಮರಳುತ್ತದೆ. ನಾಲ್ಕನೆಯದು ಸೆಕೆಂಡರಿಯ ಸ್ಪ್ರಿಂಗ್. ಅದನ್ನು ಬಿಗಿದಷ್ಟೂ ಸುತ್ತು ಮೇಲೆ. ಅಂದರೆ ಒಂದೇ ಮುಳ್ಳನ್ನು ಮೇಲಕ್ಕೋ ಕೆಳಕ್ಕೋ ಎಳೆಯುವ ನಾಲ್ಕು ಕೈಗಳಿವೆ, ನಾಲ್ಕೂ ಒಂದರ ಕೆಲಸದಲ್ಲಿ ಇನ್ನೊಂದು ಮೂಗು ತೂರಿಸುತ್ತವೆ. ತೂಕ ಸರಿಯಾಗುವ ತನಕ ಹೀಲಿಕ್ಸ್ ಯಾವುದೆಂದು ಗೊತ್ತಾಗದು, ಹೀಲಿಕ್ಸ್ ಸರಿಯಾಗದೆ ತೂಕ ಎಷ್ಟೆಂದು ಗೊತ್ತಾಗದು. ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯ ಯಾಂತ್ರಿಕ ರೂಪ ಇದು. ಪಂಡಿತನ ಚಳಿಗಾಲಗಳು ಕಳೆದುಹೋಗುವುದು ಈ ಸುತ್ತಿನಲ್ಲಿಯೇ.

ಪಂಡಿತನ ವಾಸ ಗ್ಯಾರೇಜಿನಲ್ಲಿ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದರೂ ಒಳಗೆ ಹೀಟರ್ ಉರಿಯುತ್ತಿರುತ್ತದೆ. ಗೋಡೆಗೆ ಸಾಲಾಗಿ ಸ್ಪ್ರಿಂಗುಗಳು. ಗಡಸುತನ ಗುರುತಿಸಲು ಕಂಪನಿಯವರು ಅವಕ್ಕೆ ಬಣ್ಣದ ಪಟ್ಟಿ ಬಳಿದಿರುತ್ತಾರೆ, ಆ ಬಣ್ಣದ ಜೋಡಿಗಳೆಲ್ಲ ಪಂಡಿತನಿಗೆ ಕಂಠಸ್ಥ. ಬೆಂಚಿನ ಮೇಲೆ ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ. ಅರವತ್ತು ಗ್ರಾಂ ಆಸುಪಾಸಿನ ತೂಕದ ತುಂಡುಗಳನ್ನು ಅವನು ಅಕ್ಕಸಾಲಿಗನಂತೆ ಒಂದೊಂದಾಗಿ ತೂಗಿ, ಹೆಚ್ಚು ಕಂಡದ್ದನ್ನು ಉಜ್ಜಿ ಉಳಿದವಕ್ಕೆ ಸಮ ಮಾಡುತ್ತಾನೆ. ಕಪಾಟಿನಲ್ಲಿ ವಿಸ್ಕಾನ್ಸಿನ್ನಿನ ಓಲಾವ್ ಆಯೆನ್ ಬರೆದ 'ಕ್ಲಚ್ ಟ್ಯೂನಿಂಗ್ ಹ್ಯಾಂಡ್‌ಬುಕ್' ಇರುತ್ತದೆ, ಪುಟಪುಟದಲ್ಲೂ ಎಣ್ಣೆಯ ಹೆಬ್ಬೆಟ್ಟಿನ ಗುರುತು. ಪಕ್ಕದಲ್ಲಿ ಪಂಡಿತನ ಸ್ವಂತ ನೋಟ್‌ಬುಕ್. ಅದರಲ್ಲಿ ದಿನಾಂಕ, ಹವೆಯ ಉಷ್ಣತೆ, ಹಿಮದ ಸ್ಥಿತಿ, ತೂಕ, ಸ್ಪ್ರಿಂಗ್, ಕೋನ ಎಲ್ಲವೂ ದಾಖಲಾಗಿರುತ್ತವೆ. ಫಲಿತಾಂಶದ ಕಾಲಮಿನಲ್ಲಿ ಮಾತ್ರ ಉದ್ದಕ್ಕೂ ಒಂದೇ ಷರಾ: 'ಪರವಾಗಿಲ್ಲ, ಇನ್ನೂ ಸ್ವಲ್ಪ'.

ಯಾವ ಕಂಪನಿಯ ಗಾಡಿ ಎನ್ನುವುದು ಈ ಜನಕ್ಕೆ ಅಪ್ಪನಿಂದ ಬಂದ ಮತ. ಕ್ವಿಬೆಕ್‌ನ ವಾಲ್‌ಕೂರ್ ಊರಿನ ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯೆ 1959ರಲ್ಲಿ ಸ್ಕೀ-ಡೂ ಹೊರತಂದ. ಅದಕ್ಕೂ ಮುಂಚೆ 1954ರಲ್ಲಿ ಮಿನೆಸೋಟದ ರೋಸೋ ಊರಿನಲ್ಲಿ ಪೊಲಾರಿಸ್ ಹುಟ್ಟಿತು. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದ ಥೀಫ್ ರಿವರ್ ಫಾಲ್ಸ್‌ನದು ಆರ್ಕ್ಟಿಕ್ ಕ್ಯಾಟ್. ಈ ಕೊನೆಯ ಎರಡು ಮತಗಳ ಭಕ್ತರು ಒಬ್ಬರ ಗಾಡಿಯನ್ನು ಇನ್ನೊಬ್ಬರು ಮುಟ್ಟಲಿಕ್ಕಿಲ್ಲ. ಎರಡು ಕಂಪನಿಗಳ ಮೂಲದಲ್ಲೂ ಇದ್ದವನು ಎಡ್ಗರ್ ಹೆಟೀನ್ ಎಂಬ ಒಬ್ಬನೇ ವ್ಯಕ್ತಿ ಎಂಬುದು ಅವರಿಗೆ ಗೊತ್ತು, ಆದರೆ ಆ ಮಾತು ಎತ್ತುವುದಿಲ್ಲ.

ಮತಭೇದ ಕ್ಲಚ್ಚಿನಲ್ಲೂ ಇದೆ. ಸ್ಕೀ-ಡೂ ತನ್ನ ಟಿಆರ್‌ಎ ಕ್ಲಚ್ಚಿಗೆ 1ರಿಂದ 6ರವರೆಗೆ ಗುರುತಿರುವ ಸ್ಕ್ರೂಗಳನ್ನಿಟ್ಟಿತು. ಒಂದು ಸ್ಪ್ಯಾನರ್ ತೆಗೆದು ಒಂದು ಗುರುತು ಆಚೆ ತಿರುಗಿಸಿದರೆ ಸರಿಸುಮಾರು 200 ಸುತ್ತು ವ್ಯತ್ಯಾಸ. ಯಾವ ತುಂಡನ್ನೂ ಬಿಚ್ಚಬೇಕಾಗಿಲ್ಲ, ಕೈಗವಸು ತೆಗೆದು ಹಾಕಿಕೊಳ್ಳುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಪೊಲಾರಿಸ್ ಕಡೆಯ ಪಂಡಿತನಿಗೆ ಇದು ನಕಲು ಹೊಡೆದು ಪಾಸಾದಂತೆ. ಬಿಚ್ಚಿ, ತೂಗಿ, ಉಜ್ಜಿ, ಜೋಡಿಸಿ ಪಡೆಯದ ಸುತ್ತು ಅವನ ಲೆಕ್ಕದಲ್ಲಿ ಸುತ್ತೇ ಅಲ್ಲ.

ಪರೀಕ್ಷೆ ನಡೆಯುವುದು ಹೆಪ್ಪುಗಟ್ಟಿದ ಕೆರೆಯ ಮೇಲೆ. ಸ್ನೋಮೊಬೈಲಿಗೆ ಐದರಿಂದ ಏಳು ಇಂಚು ದಪ್ಪದ ಗಟ್ಟಿ ಮಂಜುಗಡ್ಡೆ ಬೇಕೆನ್ನುತ್ತಾರೆ. ಪಂಡಿತ ಅದನ್ನು ಕೊರೆದು ಅಳೆಯುತ್ತಾನೆ, ಈ ಒಂದು ಅಳತೆಯಲ್ಲಿ ಅವನಿಗೆ ಹತ್ತನೇ ಒಂದು ಭಾಗದ ಹಟವಿಲ್ಲ. ಈಗ ಮಾರ್ಕರ್ ಪೆನ್ನು ಹೊರಬರುತ್ತದೆ. ಪ್ರೈಮರಿಯ ಬಿಲ್ಲೆಯ ಮೇಲೆ ನಡುವಿನಿಂದ ಅಂಚಿನವರೆಗೆ ಒಂದು ಗೆರೆ ಎಳೆದು ಗಾಡಿ ಓಡಿಸಿದರೆ, ಬೆಲ್ಟು ಹೋದಷ್ಟು ದೂರ ಗೆರೆ ಅಳಿಸಿರುತ್ತದೆ. ಅಂಚಿನಲ್ಲಿ ಗೆರೆ ಉಳಿದಿದ್ದರೆ ಬೆಲ್ಟು ಪೂರ್ತಿ ಮೇಲೇರಿಲ್ಲ. ಇಡೀ ಶಾಸ್ತ್ರದಲ್ಲಿ ಇಷ್ಟು ಅಗ್ಗವಾದ, ಇಷ್ಟು ಸತ್ಯ ಹೇಳುವ ಸಾಧನ ಇನ್ನೊಂದಿಲ್ಲ. ಓಟ ಮುಗಿದ ಕೂಡಲೇ ಎಂಜಿನ್ ನಿಲ್ಲಿಸಿ, ಮುಚ್ಚಳ ತೆಗೆದು, ಎರಡು ರಾಟೆಗಳ ಶಾಖ ನೋಡುವುದು ಎರಡನೆಯ ಪರೀಕ್ಷೆ. ಯಾವುದು ಮುಟ್ಟಲಾಗದಷ್ಟು ಬಿಸಿಯೋ ಬೆಲ್ಟು ಜಾರುತ್ತಿರುವುದು ಅಲ್ಲಿ. ಇದಕ್ಕೆ ಲೇಸರ್ ಥರ್ಮಾಮೀಟರ್ ಬಂದಿದೆ, ಪಂಡಿತ ಅದನ್ನು ಕೊಂಡೂ ಇದ್ದಾನೆ. ಆದರೂ ಮೊದಲು ಕೈಯಿಟ್ಟು ಸುಟ್ಟುಕೊಂಡು, ಆಮೇಲೆ ಅದರಲ್ಲಿ ಅಂಕಿ ನೋಡುತ್ತಾನೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದು ಈ ವಿದ್ಯೆಯ ಮೊದಲ ಸೂತ್ರ. ಇದನ್ನು ಪಂಡಿತ ಯಾರು ಕೇಳಿದರೂ ಹೇಳುತ್ತಾನೆ, ಕೇಳದಿದ್ದರೂ ಹೇಳುತ್ತಾನೆ. ತನ್ನ ಗಾಡಿಯ ವಿಷಯಕ್ಕೆ ಬಂದಾಗ ಕತ್ತಲಾಗುವುದರೊಳಗೆ ಮುಗಿಯಲೆಂದು ತೂಕ, ಸ್ಪ್ರಿಂಗ್, ಹೀಲಿಕ್ಸ್ ಮೂರನ್ನೂ ಒಟ್ಟಿಗೆ ಬದಲಿಸುತ್ತಾನೆ. ಆಮೇಲೆ ಗಾಡಿ ಚುರುಕಾಗಿದೆಯೇ ಇಲ್ಲವೇ ಎಂದು ತೀರ್ಮಾನಿಸುವುದು ಸೀಟಿನ ಮೇಲೆ ಕೂತ ಅಂಗ. ಈ ಮಾಪಕಕ್ಕೆ ಒಂದು ದೋಷವಿದೆ: ಹೊಸದಾಗಿ ದುಡ್ಡು ಕೊಟ್ಟು ತಂದ ಭಾಗ ಹಾಕಿದ ದಿನ ಅದು ಯಾವಾಗಲೂ ಹೆಚ್ಚು ತೋರಿಸುತ್ತದೆ. ಪಕ್ಕದಲ್ಲಿ ಅದೇ ಮಾದರಿಯ, ಕಂಪನಿ ಕೊಟ್ಟಂತೆಯೇ ಇರುವ ಗಾಡಿಯನ್ನು ಓಡಿಸಿ ನೋಡಿದಾಗ ಬಹುಸಲ ಕಾಣುವುದು ಅಳಿಯ ಅಲ್ಲ, ಮಗಳ ಗಂಡ ಎನ್ನುವಷ್ಟೇ ವ್ಯತ್ಯಾಸ. ಮೇಲಾಗಿ ಮಿನೆಸೋಟದ ಸಾರ್ವಜನಿಕ ನೆಲ-ಜಲದ ಮೇಲೆ ಸ್ನೋಮೊಬೈಲಿಗೆ ಗಂಟೆಗೆ 50 ಮೈಲಿಯ ಮಿತಿಯಿದೆ. ಮಿತಿಯ ಎರಡು ಪಟ್ಟು ವೇಗದಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೆಂಬ ಚಿಂತೆಯಲ್ಲಿ ಪಂಡಿತನ ಜನವರಿ ಕಳೆಯುತ್ತದೆ.

ಮಿನಿಯಾಪೊಲಿಸ್ ಕಡೆ ಕೆಲಸಕ್ಕಿರುವ ಕನ್ನಡಿಗರು ಸ್ನೇಹಿತರ ಒತ್ತಾಯಕ್ಕೆ ಒಮ್ಮೆ ಇಂಥ ಗ್ಯಾರೇಜಿಗೆ ಬಂದರೆ, ಹೀಲಿಕ್ಸ್ ಪುರಾಣವನ್ನೆಲ್ಲ ಶಾಂತವಾಗಿ ಕೇಳಿಸಿಕೊಂಡು ಕೊನೆಗೆ ಕೇಳುವುದು ಒಂದೇ ಪ್ರಶ್ನೆ: "ಲೀಟರಿಗೆ ಎಷ್ಟು ಕೊಡುತ್ತೆ?" ಐದಾರು ಕಿಲೋಮೀಟರ್. ಪಂಡಿತನಿಗೆ ಈ ಪ್ರಶ್ನೆಯ ತಲೆಬುಡ ತಿಳಿಯುವುದಿಲ್ಲ, ಕನ್ನಡಿಗರಿಗೆ ಉತ್ತರದ್ದು.

ಇಷ್ಟಾಗಿಯೂ ಮುಳ್ಳು ಸರಿಯಾಗಿ ನಿಂತಿತೆಂದುಕೊಳ್ಳೋಣ. ಹಿಮ ಮೆತ್ತಗಾದರೆ ಪಟ್ಟೆಯ ಮೇಲೆ ಹೊರೆ ಹೆಚ್ಚಿ ಸುತ್ತು ಇಳಿಯುತ್ತದೆ. ಚಳಿ ಹೆಚ್ಚಾದರೆ ಗಾಳಿ ದಟ್ಟವಾಗಿ ಎಂಜಿನ್ನಿನ ಶಕ್ತಿ ಏರುತ್ತದೆ. ಬೆಲ್ಟು ಸವೆದು ಸಪೂರವಾದರೂ ಲೆಕ್ಕ ತಪ್ಪುತ್ತದೆ. ಬೆಳಗ್ಗೆ ಹೊಂದಿಸಿದ ಕ್ಲಚ್ ಮಧ್ಯಾಹ್ನಕ್ಕೆ ಸುಳ್ಳು. ಬೇರೆಯವರಿಗೆ ಇದು ಬೇಸರದ ಸುದ್ದಿ, ಪಂಡಿತನಿಗೆ ಮತ್ತೆ ಗ್ಯಾರೇಜಿಗೆ ಹೋಗಲು ಸಿಕ್ಕ ನೆಪ.

ದೊಡ್ಡ ನೆಪ ಪಶ್ಚಿಮದ ಬೆಟ್ಟಗಳದು. ಫೆಬ್ರವರಿಯಲ್ಲಿ ನಾಲ್ಕಾರು ಜನ ಗಾಡಿಗಳನ್ನು ಟ್ರೈಲರಿಗೆ ಹೇರಿ ಮೊಂಟಾನದ ವೆಸ್ಟ್ ಯೆಲ್ಲೊಸ್ಟೋನ್ ಅಥವಾ ಕುಕ್ ಸಿಟಿಗೆ ಹೊರಡುತ್ತಾರೆ. ಎತ್ತರ ಪ್ರತಿ ಸಾವಿರ ಅಡಿ ಹೆಚ್ಚಿದಂತೆ ಎಂಜಿನ್ ನೂರಕ್ಕೆ ಸುಮಾರು ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಿನೆಸೋಟದಲ್ಲಿ 165 ಕುದುರೆ ಇದ್ದದ್ದು ಒಂಬತ್ತು ಸಾವಿರ ಅಡಿ ಮೇಲೆ ನೂರಿಪ್ಪತ್ತೈದರ ಹತ್ತಿರ ಬಂದು ನಿಲ್ಲುತ್ತದೆ. ಊರಿನ ತೂಕಗಳನ್ನೇ ಬಿಟ್ಟರೆ ಗಾಡಿ ತೆವಳುತ್ತದೆ. ಇಲ್ಲಿ ಪಂಡಿತನ ವಿದ್ಯೆ ನಿಜಕ್ಕೂ ಬೇಕು. ಮೋಟೆಲಿನ ಅಂಗಳದಲ್ಲಿ, ಹಣೆಗೆ ದೀಪ ಕಟ್ಟಿಕೊಂಡು, ಎಲ್ಲರ ಗಾಡಿಗೂ ಹಗುರ ತೂಕ ಹಾಕಿಕೊಡುತ್ತಾನೆ. ಮಾರನೆಯ ದಿನ ಎಲ್ಲರೂ ಬೆಟ್ಟ ಹತ್ತುತ್ತಾರೆ, ಅವನಿಗೆ ದಂಡಿಯಾಗಿ ಬಿಯರ್ ಸಿಗುತ್ತದೆ. ವಾಪಸು ಬಂದ ಮೇಲೆ ಎಲ್ಲರ ತೂಕಗಳನ್ನೂ ನೆನಪಿನಿಂದ ಬದಲಿಸಿ ತನ್ನದನ್ನು ಮರೆಯುತ್ತಾನೆ. ಕೆರೆಯ ಮೇಲೆ ಥ್ರಾಟಲ್ ಒತ್ತಿದಾಗ ಮುಳ್ಳು ಅಂಕಿ ದಾಟಿ ಹೋಗುತ್ತದೆ. ಎಂಜಿನ್ ಕಿರುಚುವುದನ್ನು ಕೇಳಿದ ನೆರೆಯವರು ಪಂಡಿತ ಹೊಸದೇನನ್ನೋ ಕಂಡುಹಿಡಿದಿದ್ದಾನೆಂದು ತಿಳಿಯುತ್ತಾರೆ. ಅವನೂ ಅದನ್ನು ತಿದ್ದಲು ಹೋಗುವುದಿಲ್ಲ.

ಈ ಗೌರವಕ್ಕೂ ಈಚೆಗೆ ಕುತ್ತು ಬಂದಿದೆ. 2020ರ ಮಾದರಿಯಲ್ಲಿ ಸ್ಕೀ-ಡೂ ಕಾರ್ಖಾನೆಯಿಂದಲೇ ಟರ್ಬೊ ಕೂಡಿಸಿದ ಟೂ-ಸ್ಟ್ರೋಕ್ ಗಾಡಿ ತಂದಿತು. ಎಂಟು ಸಾವಿರ ಅಡಿಯವರೆಗೆ ಅದರ ಶಕ್ತಿ ಇಳಿಯುವುದಿಲ್ಲವೆಂದು ಕಂಪನಿಯ ಮಾತು. ಮಾಂಟ್ರಿಯಲ್‌ನ ಟೈಗಾ ಕಂಪನಿಯ ವಿದ್ಯುತ್ ಗಾಡಿಯಲ್ಲಂತೂ ಟ್ಯೂನ್ ಮಾಡಲು ಇಂಥ ಕ್ಲಚ್ಚೇ ಇಲ್ಲ. ಪಂಡಿತ ಅದರ ಸುತ್ತ ಒಮ್ಮೆ ನಡೆದು, ಬ್ಯಾಟರಿ ಚಳಿಗೆ ಕುಗ್ಗುತ್ತದೆಂದು ಹೇಳಿ ಹೊರಟುಹೋಗುತ್ತಾನೆ.

ಪಂಡಿತನಿಂದ ಊರಿಗಾಗುವ ಉಪಕಾರ ಸಣ್ಣದಲ್ಲ, ಆದರೆ ಅದು ಅವನು ಅಂದುಕೊಂಡ ಜಾಗದಲ್ಲಿಲ್ಲ. ನೆರೆಯವರು ಗಾಡಿ ಎಳೆಯುತ್ತಿಲ್ಲವೆಂದು ತಂದಾಗ ಅವನು ಮೊದಲು ರಾಟೆಗಳನ್ನು ಬಿಚ್ಚಿ ರಬ್ಬರಿನ ಪುಡಿ ಒರೆಸುತ್ತಾನೆ. ಬಿಲ್ಲೆಗಳ ಮುಖವನ್ನು ಒರಟು ಪ್ಯಾಡಿನಿಂದ ಉಜ್ಜುತ್ತಾನೆ. ಸವೆದ ಬುಶ್ ಇದ್ದರೆ ಹೊಸದು ಹಾಕುತ್ತಾನೆ. ಎರಡು ರಾಟೆಗಳೂ ಒಂದೇ ನೇರದಲ್ಲಿವೆಯೇ ಎಂದು ಕಂಬಿಯಿಟ್ಟು ನೋಡುತ್ತಾನೆ. ಹೊಸ ಬೆಲ್ಟನ್ನು ಬಿಸಿ ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಬಿಗಿ ಸರಿಮಾಡಿ, ಮೊದಲ ಕೆಲವು ಮೈಲಿ ಮೆಲ್ಲಗೆ ಓಡಿಸಿರೆಂದು ಹೇಳುತ್ತಾನೆ. ಅಷ್ಟಕ್ಕೇ ಗಾಡಿ ಹೊಸದರಂತಾಗುತ್ತದೆ. ಇದೆಲ್ಲ ಅವನಿಗೆ ಪೂಜೆಗೆ ಮುಂಚಿನ ಕಸ ಗುಡಿಸುವ ಕೆಲಸ, ಲೆಕ್ಕಕ್ಕಿಲ್ಲ. ಆಮೇಲೆ ತೃಪ್ತಿಗೆಂದು ಒಂದು ಗ್ರಾಂ ತೂಕ ಬದಲಿಸುತ್ತಾನೆ, ಗಾಡಿ ಸುಧಾರಿಸಿದ್ದು ಅದರಿಂದಲೇ ಎಂದು ಇಬ್ಬರೂ ನಂಬುತ್ತಾರೆ. ತನ್ನ ಗಾಡಿಯಲ್ಲಿ ಮಾತ್ರ ಈ ಕಸ ಗುಡಿಸುವ ಕೆಲಸಕ್ಕೆ ಅವನಿಗೆ ಪುರುಸೊತ್ತಿರುವುದಿಲ್ಲ. ಹಾಗಾಗಿ ದಾರಿಯಲ್ಲಿ ಬೆಲ್ಟು ಹರಿದು ಚಿಂದಿಯಾಗಿ ನಿಲ್ಲುವ ಗಾಡಿ ಬಹುಮಟ್ಟಿಗೆ ಅವನದೇ. ಉಳಿದವರು ಕೈ ಉಜ್ಜಿಕೊಳ್ಳುತ್ತ ಕಾಯುವಾಗ ಅವನು ರಾಟೆಗೆ ಸುತ್ತಿದ ದಾರಗಳನ್ನು ಬಿಡಿಸುತ್ತ, ಬೆಲ್ಟು ಏಕೆ ಹರಿಯಿತೆಂದು ಕಾರಣಗಳನ್ನು ವಿವರಿಸುತ್ತಾನೆ. ಕಾರಣಗಳೆಲ್ಲ ಸರಿಯಾಗಿಯೇ ಇರುತ್ತವೆ.

ಎರಡು ಮೂರು ಚಳಿಗಾಲಕ್ಕೊಮ್ಮೆ ಪಂಡಿತ ತನ್ನ ಗಾಡಿ ಮಾರುತ್ತಾನೆ, 'ಸಂಪೂರ್ಣ ಟ್ಯೂನ್ ಆಗಿದೆ' ಎಂಬ ಜಾಹೀರಾತಿನೊಂದಿಗೆ. ಕೊಳ್ಳುವವರು ಬೆಲೆ ಕೇಳುವುದಕ್ಕೆ ಮುಂಚೆ ಕಂಪನಿ ಹಾಕಿಕೊಟ್ಟ ಮೂಲ ತೂಕ, ಸ್ಪ್ರಿಂಗ್, ಹೀಲಿಕ್ಸ್ ಎಲ್ಲಿವೆಯೆಂದು ಕೇಳಬೇಕು. ಅವು ಗ್ಯಾರೇಜಿನ ಯಾವುದೋ ಡಬ್ಬಿಯಲ್ಲಿ ಇದ್ದೇ ಇರುತ್ತವೆ. ಅವನ್ನು ಇಸಿದುಕೊಂಡು, ಮನೆಗೆ ಬಂದು ಮೊದಲು ಅವನ್ನೇ ಹಾಕಿಕೊಳ್ಳುವುದು ಒಳ್ಳೆಯದು.