ಸೊಲ್ಲಾಪುರಗಮನ ದೋಷ ನಿರ್ಣಯ

ಯಾವ ಊರಿಗೆ ಹೋದರೆ ಎಷ್ಟು ಪಾಪ ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಹಗುರವಾಗಿ ತೆಗೆದುಕೊಂಡವರಲ್ಲ. ಆರಟ್ಟ, ಪುಂಡ್ರ, ವಂಗ, ಕಳಿಂಗ ಮೊದಲಾದ ಸೀಮೆಗಳಿಗೆ ಹೋಗಿಬಂದವನು ಯಾಗ ಮಾಡಿ ಶುದ್ಧನಾಗಬೇಕೆಂದು ಬೌಧಾಯನ ಧರ್ಮಸೂತ್ರ ವಿಧಿಸುತ್ತದೆ. ಅದರಲ್ಲೂ ಕಳಿಂಗಕ್ಕೆ ಹೋದವನು ಕಾಲಿನಿಂದಲೇ ಪಾಪ ಮಾಡಿದವನು. ಅವನಿಗೆ ವೈಶ್ವಾನರೇಷ್ಟಿಯೇ ಗತಿ. (ಅದೇ ಸೂತ್ರಕಾರ ದಕ್ಷಿಣಾಪಥದವರನ್ನೆಲ್ಲ ಸಂಕರ ಮೂಲದವರೆಂದು ಒಂದೇ ಮಾತಿನಲ್ಲಿ ಕಟ್ಟಿಹಾಕಿದ್ದಾನೆ. ಭೀಮಾ ನದಿಯ ಎರಡೂ ದಡದವರು ಒಟ್ಟಿಗೆ ಅವಮಾನಗೊಂಡ ಅಪರೂಪದ ಸಂದರ್ಭವಿದು.) ಇಷ್ಟೆಲ್ಲ ಹೇಳಿದ ಮಹಾನುಭಾವ ಸೊಲ್ಲಾಪುರ ಮತ್ತು ಅಕ್ಕಲಕೋಟೆಗಳ ವಿಷಯದಲ್ಲಿ ಮಾತ್ರ ಬಾಯಿ ಬಿಟ್ಟಿಲ್ಲ. ಆ ಮೌನದ ಫಲವನ್ನು ಈಗ ಉಣ್ಣುತ್ತಿರುವವನು ಕನ್ನಡದ ಯೂಟ್ಯೂಬ್ ಸಂಚಾರಿ. ಶಾಸ್ತ್ರಗಳಲ್ಲಿ ಉದಾಹರಣೆಗೆ ಸಿಕ್ಕುವವನ ಹೆಸರು ಎಂದಿಗೂ ದೇವದತ್ತ. ನಾವೂ ಈ ಕಲ್ಪಿತ ಸಂಚಾರಿಯನ್ನು ದೇವದತ್ತನೆಂದೇ ಕರೆಯೋಣ. ಸಂಕ್ರಾಂತಿಯ ಹೊತ್ತಿಗೆ ದೇವದತ್ತ ಸೊಲ್ಲಾಪುರಕ್ಕೆ ಹೋದನು, ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡನು, ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ಅನ್ನಛತ್ರದಲ್ಲಿ ಉಂಡನು, ಅದನ್ನು ವಿಡಿಯೊ ಮಾಡಿದನು. ಅಲ್ಲಿಂದ ಆಚೆಗೆ, ಹೋದದ್ದೇ ತಪ್ಪೆನ್ನುವ ವಿಮರ್ಶಕರ ದೆಸೆಯಿಂದ ಅವನಿಗೆ ನಿದ್ದೆಯಿಲ್ಲ. ಅವನು ಮಾಡಿದ್ದು ಪಾಪವೇ? ಆಗಿದ್ದರೆ ಯಾವ ಅಂಗದಿಂದ ಮಾಡಿದ್ದು? ಇದೇ ಪ್ರಸ್ತುತ ಪ್ರಬಂಧದ ವಿಷಯ.

ದೋಷದ ಸ್ವರೂಪವನ್ನು ಮೊದಲು ನೋಡಬೇಕು. ದೇವದತ್ತ ವಿಡಿಯೊದ ಮೇಲೆ ‘ಮಹಾರಾಷ್ಟ್ರದ ಸೊಲ್ಲಾಪುರ’ ಎಂದು ಬರೆದರೆ ನಾಡನ್ನು ಬಿಟ್ಟುಕೊಟ್ಟವನು. ‘ನಮ್ಮ ಸೊಲ್ಲಾಪುರ’ ಎಂದು ಬರೆದರೆ ಪರರ ನಾಡನ್ನು ಕಬಳಿಸಲು ಬಂದವನು. ಈ ಇಕ್ಕಟ್ಟನ್ನು ಅವನು ಹುಟ್ಟಿಸಿದ್ದಲ್ಲ. 1956ರ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲೇ ಉಳಿಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಬೆಳಗಾವಿಯನ್ನು ಇಲ್ಲಿಯೇ ಇಟ್ಟು, ಅಕ್ಕಲಕೋಟೆ ತಾಲ್ಲೂಕನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದಿತು; ನಿಪ್ಪಾಣಿ, ಖಾನಾಪುರಗಳ ಕಡೆಯ ಹಳ್ಳಿಗಳನ್ನು ಆಚೆಗೆ ಕೊಡಬೇಕೆಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ; ಕರ್ನಾಟಕ ಒಪ್ಪಿಕೊಂಡು ಕುಳಿತಿದೆ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ನವೆಂಬರಿನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸೊಲ್ಲಾಪುರ, ಅಕ್ಕಲಕೋಟೆಗಳು ಕರ್ನಾಟಕಕ್ಕೆ ಸೇರಬೇಕೆಂದರು. ಒಂದು ಹಳ್ಳಿಯೂ ಹೋಗದು ಎಂದು ಮಹಾರಾಷ್ಟ್ರದ ದೇವೇಂದ್ರ ಫಡಣವೀಸ್ ಉತ್ತರ ಕೊಟ್ಟರು. ಡಿಸೆಂಬರಿನಲ್ಲಿ ಎರಡೂ ಕಡೆಯ ಶಾಸನಸಭೆಗಳು ಒಂದರ ಹಿಂದೊಂದು ನಿರ್ಣಯ ಅಂಗೀಕರಿಸಿದವು. ಇಷ್ಟು ದೊಡ್ಡವರು ಸೇರಿ ದಶಕಗಳು ಕಳೆದರೂ ಬಿಡಿಸಲಾಗದ್ದನ್ನು ದೇವದತ್ತ ಎಂಟು ನಿಮಿಷದ ವಿಡಿಯೊದ ತಲೆಬರಹದಲ್ಲಿ ಬಿಡಿಸಬೇಕು ಎಂಬುದು ವಿಮರ್ಶಕರ ಅಪೇಕ್ಷೆ.

ಇಲ್ಲಿ ಒಂದು ಭೌತಶಾಸ್ತ್ರೀಯ ನಿಯಮ ಗೋಚರಿಸುತ್ತದೆ. ಡಾ. ಬ್ರೋ ಎಂದು ಹೆಸರಾದ ಗಗನ್ ಪಾಕಿಸ್ತಾನಕ್ಕೆ, ಅಫ್ಘಾನಿಸ್ತಾನಕ್ಕೆ ಹೋಗಿ ‘ನಮಸ್ಕಾರ ದೇವ್ರು’ ಎಂದಾಗ ಕನ್ನಡಿಗರು ಮನೆಮಂದಿಯೆಲ್ಲ ಕೂತು ನೋಡಿದರು. ಕಾಬೂಲಿನ ಬೀದಿ ಸಾಹಸವಾಗುತ್ತದೆ, ಅಕ್ಕಲಕೋಟೆಯ ಬೀದಿ ನಿಲುವಾಗುತ್ತದೆ. ಆದ್ದರಿಂದ ಊರಿನ ರಾಜಕೀಯ ಸೂಕ್ಷ್ಮತೆಯು ದೂರದ ವರ್ಗಕ್ಕೆ ವಿಲೋಮಾನುಪಾತದಲ್ಲಿರುತ್ತದೆ. 2024ರ ಮಾಲ್ಡೀವ್ಸ್, 2025ರ ತುರ್ಕಿ ಮತ್ತು ಅಜರ್‌ಬೈಜಾನ್ ಪ್ರವಾಸ ಬಹಿಷ್ಕಾರಗಳು ಈ ನಿಯಮಕ್ಕೆ ಅಪವಾದವಲ್ಲವೇ ಎಂದರೆ, ಅಲ್ಲ. ಅಲ್ಲಿ ದೂರವನ್ನು ಕಿಲೋಮೀಟರಿನಲ್ಲಲ್ಲ, ಟಿವಿಯ ಪರದೆಯಿಂದ ಸೋಫಾದವರೆಗೆ ಅಳೆಯಬೇಕು.

ಈಗ ಪ್ರಮಾಣಗಳು. ಕಾಲಿನಿಂದ ಪಾಪ ಬರುವುದೇ ಆದರೆ ದೇವದತ್ತನಿಗಿಂತ ಮೊದಲು ಶಿಕ್ಷಿಸಬೇಕಾದವರ ಸಾಲು ಬಹಳ ಉದ್ದವಿದೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ಮೈಸೂರಿನಿಂದ ಹೊರಟು ಸೊಲ್ಲಾಪುರ ಹಾದು ಪಂಢರಪುರಕ್ಕೆ ಹೋಗುತ್ತದೆ, ಯಾರ ಅನುಮತಿಯನ್ನೂ ಕೇಳದೆ. ಕಲಬುರಗಿ ರೈಲು ನಿಲ್ದಾಣ ಸೊಲ್ಲಾಪುರ ವಿಭಾಗದ ಅಧೀನದಲ್ಲಿದೆ. ಅಂದರೆ ಕಲ್ಯಾಣ ಕರ್ನಾಟಕದ ಹೆಬ್ಬಾಗಿಲ ಚಿಲಕ ಅಲ್ಲಿನ ಕಚೇರಿಯ ಕೈಯಲ್ಲಿದೆ. ವಿಜಯಪುರದ ಕಡೆಯ ರೊಟ್ಟಿಯ ಪ್ರಾಣವಾದ ಮಾಲದಂಡಿ ಜೋಳ, ಅಂದರೆ ಎಂ 35-1, ಸೊಲ್ಲಾಪುರದ ಬಳಿಯ ಮೋಹೋಳ ಸಂಶೋಧನಾ ಕೇಂದ್ರದ ತಳಿ. ಧಾರವಾಡದ ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಮನೆಮಾತು ಮರಾಠಿ, ಬರೆದದ್ದು ಕನ್ನಡ, ಸಂಬಳ ಸೊಲ್ಲಾಪುರದ್ದು. ಇಂದಿನ ಲೆಕ್ಕದಲ್ಲಿ ಮೂರು ಪ್ರತ್ಯೇಕ ಕ್ಷಮಾಪಣಾ ವಿಡಿಯೊ ಆಗಬೇಕಿತ್ತು. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವೇ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸೊಲ್ಲಾಪುರಕ್ಕೆ ಹೋಗಿತ್ತು. ಅದೇ ಊರಿನ ಜಯದೇವಿತಾಯಿ ಲಿಗಾಡೆ 1974ರಲ್ಲಿ ಮಂಡ್ಯ ಸಮ್ಮೇಳನದ ಅಧ್ಯಕ್ಷರಾಗಿ, ಆ ಪೀಠವೇರಿದ ಮೊದಲ ಮಹಿಳೆಯಾದರು. ಸಂಚಾರ ಅತ್ತಲಿಂದಲೂ ಇದೆ. ಮರಾಠಿಯ ಅತಿ ಹಳೆಯ ಶಾಸನಗಳಲ್ಲೊಂದು ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ಕೂತಿದೆ. ಅದಕ್ಕೆ ಸ್ಪರ್ಧಿಯಾದ ಶಕ 940ರ ಶಾಸನ ಸಿಕ್ಕಿದ್ದು ದಕ್ಷಿಣ ಸೊಲ್ಲಾಪುರದ ಹತ್ತರಸಂಗ ಕೂಡಲದಲ್ಲಿ. ‘ಕೂಡಲ’ ಯಾವ ಭಾಷೆಯ ಮಾತೆಂದು ಕನ್ನಡ ಓದುಗರಿಗೆ ಹೇಳಬೇಕಿಲ್ಲ. ಇನ್ನು ಪಂಢರಪುರದ ವಿಠ್ಠಲನನ್ನು ಕಾನಡಾ ಎಂದು ಕರೆದವರು ಸ್ವತಃ ಜ್ಞಾನೇಶ್ವರರು. ಅವನು ಇಟ್ಟಿಗೆಯ ಮೇಲೆ ನಿಂತಿದ್ದಾನೆ, ನಡೆದೇ ಇಲ್ಲ. ಆದ್ದರಿಂದ ಕಾಲಿನ ಪಾಪ ಅವನಿಗೆ ತಟ್ಟದು ಎಂದು ವಾದಿಸಬಹುದು. ಆದರೆ ಅಲ್ಲಿಯವರೆಗೆ ಬಂದದ್ದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಸ್ವಾಮಿ ಸಮರ್ಥರಂತೂ ತಪಾಸಣೆಗೆ ಸಿಗುವವರೇ ಅಲ್ಲ. 1856ರ ಸುಮಾರಿಗೆ ಅಕ್ಕಲಕೋಟೆಗೆ ಬಂದು 1878ರವರೆಗೆ ಇದ್ದರು. ಹುಟ್ಟಿದ ಊರು ಯಾವುದೆಂದು ಇಂದಿಗೂ ಇತ್ಯರ್ಥವಾಗಿಲ್ಲ. ವಾಸಸ್ಥಳ ದೃಢೀಕರಣವಿಲ್ಲದವರ ದರ್ಶನಕ್ಕೆ ಎರಡೂ ರಾಜ್ಯದ ಭಕ್ತರು ಸಾಲುಗಟ್ಟುತ್ತಾರೆ, ದರ್ಶನ ಮುಗಿಸಿ ಗಾಣಗಾಪುರದ ಬಸ್ಸು ಹತ್ತುತ್ತಾರೆ. ಗಡಿ ದಾಟಿದ್ದು ಅವರ ಗಮನಕ್ಕೆ ಬರುವುದು ಮೊಬೈಲಿಗೆ ಸ್ವಾಗತ ಸಂದೇಶ ಬಂದಾಗ.

ಎಲ್ಲಕ್ಕಿಂತ ಗಟ್ಟಿಯಾದ ಪ್ರಮಾಣ ಹನ್ನೆರಡನೆಯ ಶತಮಾನದ್ದು, ಅದೂ ಸೊಲ್ಲಾಪುರದ್ದೇ. ಆಗ ಅದು ಸೊನ್ನಲಿಗೆ, ಒಡೆಯ ಸಿದ್ಧರಾಮ. ಚಿಕ್ಕಂದಿನಲ್ಲೇ ಮಲ್ಲಯ್ಯನನ್ನು ಹುಡುಕಿಕೊಂಡು ಶ್ರೀಶೈಲಕ್ಕೆ ಹೋಗಿಬಂದವನು, ಮರಳಿ ಬಂದು ಕೆರೆ ಕಟ್ಟಿಸಿದವನು, ಊರ ಸುತ್ತ ಅರವತ್ತೆಂಟು ಲಿಂಗ ಸ್ಥಾಪಿಸಿದನೆಂದು ಖ್ಯಾತನಾದವನು. ಇಂದಿಗೂ ಸಂಕ್ರಾಂತಿಯಲ್ಲಿ ನಂದಿಧ್ವಜಗಳು ಆ ಲಿಂಗಗಳನ್ನು ಸುತ್ತಿ ಬರುತ್ತವೆ. ಅಂಥ ಊರಿಗೆ ಅಲ್ಲಮಪ್ರಭು ಎಂಬ ಸಂಚಾರಿ ಬಂದ. ಶೂನ್ಯಸಂಪಾದನೆ ಹೇಳುವಂತೆ, ಬಂದವನು ಕೆರೆಯ ಅಂದವನ್ನು ಹೊಗಳಲಿಲ್ಲ, ಊಟ ಹೇಗಿತ್ತೆಂದು ಹೇಳಲಿಲ್ಲ. ಊರೊಡೆಯನನ್ನೇ ಒಡ್ಡನೆಂದು ಕರೆದ. ಕೆರೆಯ ಕೆಲಸದವರು ಕಲ್ಲು ತೂರಿದರು. ಗಮನಿಸಬೇಕು: ಅಲ್ಲಮ ಊರು ಪ್ರವೇಶಿಸಿದಾಗ ಒಂದು ಕಲ್ಲೂ ಬೀಳಲಿಲ್ಲ. ನಡೆದು ಬಂದ ಕಾಲಿಗೆ ಯಾರ ತಕರಾರೂ ಇರಲಿಲ್ಲ. ಕಲ್ಲು ಬಿದ್ದದ್ದು ಆಡಿದ ಮಾತಿಗೆ. ಆ ಕಲ್ಲುಗಳು ಅವನಿಗೆ ತಾಗದೆ ರಾಶಿಯಾದವು ಎನ್ನುತ್ತದೆ ಕಥೆ. ಮುಂದೆ ನಡೆದದ್ದು ಇನ್ನೂ ವಿಚಿತ್ರ: ಕ್ಷಮಾಪಣೆಯಿಲ್ಲ, ಬಹಿಷ್ಕಾರವಿಲ್ಲ, ಒಂದು ದೀರ್ಘ ವಾದ ನಡೆದು ಆತಿಥೇಯನೇ ಅತಿಥಿಯ ಹಿಂದೆ ಕಲ್ಯಾಣಕ್ಕೆ ಹೊರಟ. ಸೊಲ್ಲಾಪುರದ ಮೇಲೆ ಟೀಕೆ ಮಾಡಿದ ಸಂಚಾರಿಯೊಬ್ಬ ಸೊಲ್ಲಾಪುರದ ದೊಡ್ಡವನನ್ನೇ ಕರೆದುಕೊಂಡು ಹೋದ ಈ ಪ್ರಕರಣವನ್ನು ಗಡಿ ದಾವೆಯಲ್ಲಿ ಯಾವ ಪಕ್ಷದ ವಕೀಲರೂ ಉಲ್ಲೇಖಿಸಿದಂತೆ ಕಾಣೆ.

ಹೀಗಾಗಿ ಸಿದ್ಧಾಂತ ತಾನೇ ಒದಗಿಬರುತ್ತದೆ. ದೋಷವಿರುವುದು ಕಾಲಿನಲ್ಲಲ್ಲ, ಸೊಲ್ಲಿನಲ್ಲಿ. ಊರ ಹೆಸರೂ ಅದನ್ನೇ ಸಾರುತ್ತದೆ. ಹದಿನಾರು ಹಳ್ಳಿ ಸೇರಿ ‘ಸೋಲಾ’ಪುರವಾಯಿತೆಂಬುದು ಒಂದು ಪಕ್ಷ, ಸೋತವರ ಪುರವೆಂದು ಕುಹಕಿಗಳ ಪಕ್ಷ, ಸೊಲ್ಲಿನ ಪುರವೇ ಸೊಲ್ಲಾಪುರ ಎಂಬುದು ಪ್ರಸ್ತುತ ಲೇಖಕನ ಪಕ್ಷ. ಇದಕ್ಕೆ ಭಾಷಾಶಾಸ್ತ್ರದ ಆಧಾರ ಏನೇನೂ ಇಲ್ಲ. ಗಡಿ ವಿವಾದದಲ್ಲಿ ಅದು ಕೊರತೆಯೆನಿಸದು. ದೃಷ್ಟಾಂತ ಬೇಕಾದರೆ ಬಸ್ಸುಗಳನ್ನು ನೋಡಬೇಕು. 2022ರ ಗಲಾಟೆಯಲ್ಲಿ ಕರ್ನಾಟಕದ ಬಸ್ಸುಗಳ ಮೈಮೇಲೆ ಮಹಾರಾಷ್ಟ್ರದಲ್ಲಿ ಕಪ್ಪು ಬಣ್ಣದ ಘೋಷಣೆ ಬರೆದರು. ಇತ್ತ ಮಹಾರಾಷ್ಟ್ರದ ವಾಹನಗಳಿಗೂ ಮರ್ಯಾದೆ ಸಂದಿತು. ಶಿಲಾಶಾಸನ, ತಾಮ್ರಶಾಸನಗಳ ತರುವಾಯ ನಮ್ಮ ಕಾಲದ ಕೊಡುಗೆಯಾದ ಈ ಬಸ್ಸುಶಾಸನದ ವಿಶೇಷವೆಂದರೆ, ಬರೆದವನು ಚಕ್ರವನ್ನು ಮುಟ್ಟುವುದಿಲ್ಲ. ಬಸ್ಸಿನ ಕಾಲಿಗೆ ಶಿಕ್ಷೆಯಿಲ್ಲ, ಮೈಮೇಲಿನ ಅಕ್ಷರಕ್ಕೆ ಮಾತ್ರ. ಶಾಪಶಾಸನದ ಕೊನೆಯಲ್ಲಿ ಬರುವ ಕತ್ತೆಯ ಚಿತ್ರವೊಂದು ಇದರಲ್ಲಿಲ್ಲ. ಬರೆಯುವ ಆತುರದಲ್ಲಿ ಬಿಟ್ಟುಹೋಗಿರಬೇಕು.

ಇಲ್ಲಿ ದೇವದತ್ತನ ಪ್ರತ್ಯುತ್ತರವನ್ನು ಅಲಂಕಾರಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸಬೇಕು. ಹಿನ್ನೆಲೆ ಸಂಗೀತವಿಲ್ಲ, ಹಿಂದೆ ಬರಿಗೋಡೆ, ಗಡ್ಡ ಎರಡು ದಿನದ್ದು. ‘ನಾನು ರಾಜಕೀಯ ಮಾಡೋಕೆ ಹೋಗಿಲ್ಲ, ಊಟ ಮಾಡೋಕೆ ಹೋಗಿದ್ದೆ’ ಎಂಬುದು ಪಲ್ಲವಿ. ‘ನಾನು ಎಲ್ಲರನ್ನೂ ಗೌರವಿಸುತ್ತೇನೆ’ ಎಂಬುದರ ವಾಚ್ಯಾರ್ಥ ಗೌರವ. ವ್ಯಂಗ್ಯಾರ್ಥ, ನಿಮ್ಮಿಬ್ಬರನ್ನು ಬಿಟ್ಟು. ‘ಯಾರಿಗಾದರೂ ನೋವಾಗಿದ್ದರೆ’ ಎಂಬಲ್ಲಿ ‘-ದ್ದರೆ’ ಪ್ರತ್ಯಯ ಇಡೀ ವಾಕ್ಯವನ್ನು ಹೊತ್ತು ನಿಂತಿದೆ. ಈ ಉತ್ತರದ ತಪ್ಪು ಅಪ್ರಾಮಾಣಿಕತೆಯಲ್ಲ. ಅವನು ನಿಜಕ್ಕೂ ಊಟಕ್ಕೇ ಹೋಗಿದ್ದ. ತಪ್ಪಿರುವುದು ಊಟದಲ್ಲಿ ರಾಜಕೀಯವಿಲ್ಲವೆಂದು ನಂಬಿದ್ದರಲ್ಲಿ. ಅದೇ ಚಟ್ನಿಯ ಪೊಟ್ಟಣವನ್ನು ವಿಜಯಪುರದ ಅಂಗಡಿಯಲ್ಲಿ ಕೊಂಡಿದ್ದರೆ ಅದು ‘ನಮ್ಮ ಉತ್ತರ ಕರ್ನಾಟಕದ ರುಚಿ’ ಆಗುತ್ತಿತ್ತು.

ಪೂರ್ವಪಕ್ಷಗಳು ಕೆಲವಿವೆ. ಭಕ್ತ ಪುಣ್ಯಕ್ಕೆ ಹೋಗುತ್ತಾನೆ, ದೇವದತ್ತ ದುಡ್ಡಿಗೆ ಹೋಗುತ್ತಾನೆ ಎಂಬುದು ಮೊದಲನೆಯದು. ಹಾಗಾದರೆ ತೆಂಗಿನಕಾಯಿ ಮಾರುವವನನ್ನೂ ಲಾಡ್ಜಿನವನನ್ನೂ ರೈಲ್ವೆಯನ್ನೂ ಕಟಕಟೆಗೆ ತರಬೇಕಾದೀತು, ಬಿಡೋಣ. ಎರಡನೆಯದು, ‘ಮಹಾರಾಷ್ಟ್ರದ’ ಎಂದು ಬರೆದರೆ ಹಕ್ಕು ಬಿಟ್ಟುಕೊಟ್ಟಂತೆ ಎಂಬುದು. ಸೊಲ್ಲಾಪುರದ ಪ್ರತಿ ವಾಹನದ ಮೇಲೂ ಎಂಎಚ್ 13 ಎಂದಿದೆ, ಅದನ್ನು ಓಡಿಸುವ ಕನ್ನಡಿಗರೂ ಅದನ್ನೇ ಹೊತ್ತು ತಿರುಗುತ್ತಾರೆ. ಅವರೆಲ್ಲ ಶರಣಾಗತರೆಂದು ಹೇಳುವ ಧೈರ್ಯವಿದ್ದವರು ಮುಂದೆ ಬರಲಿ. ಮೂರನೆಯದು ಚುರುಕಾದದ್ದು: ನಮ್ಮವನು ಸೊಲ್ಲಾಪುರಕ್ಕೆ ಹೋಗಬಹುದಾದರೆ, 2022ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮಂತ್ರಿಗಳಾದ ಚಂದ್ರಕಾಂತ ಪಾಟೀಲ ಮತ್ತು ಶಂಭೂರಾಜ ದೇಸಾಯಿ ಬೆಳಗಾವಿಗೆ ಬರುತ್ತೇವೆಂದಾಗ ಬೇಡವೆಂದದ್ದೇಕೆ? ಆ ಭೇಟಿ ರದ್ದಾಯಿತು, ನಿಜ. ಆದರೆ ಮಂತ್ರಿಯ ಭೇಟಿಯಲ್ಲಿ ಸೊಲ್ಲು ಮೊದಲೇ ಸಿದ್ಧವಾಗಿರುತ್ತದೆ, ಕಾಲು ಅದನ್ನು ಹೊತ್ತು ತರುವ ವಾಹನ ಮಾತ್ರ. ಸಂವಿಧಾನದ 19ನೇ ವಿಧಿ ಸಂಚಾರವನ್ನು ಎಲ್ಲ ನಾಗರಿಕರಿಗೂ ಸಮನಾಗಿ ಕೊಟ್ಟಿದೆ ಎಂಬುದನ್ನು ಅಲ್ಲಗಳೆಯುತ್ತಿಲ್ಲ. ಮಂತ್ರಿ ಮಹೋದಯರು ಕುಂದಾ ತಿನ್ನಲು ಬರುತ್ತೇವೆಂದಿದ್ದರೆ ಈ ಲೇಖಕ ನಿಲ್ದಾಣದಲ್ಲಿ ಹಾರ ಹಿಡಿದು ನಿಲ್ಲುವಂತೆ ಶಿಫಾರಸು ಮಾಡುತ್ತಿದ್ದ.

ನಾಲ್ಕನೆಯ ಆಕ್ಷೇಪವೊಂದಿದೆ. ವಿಮರ್ಶಕರು ಅದನ್ನು ಎತ್ತುವುದೇ ಇಲ್ಲ; ಎತ್ತಿದ್ದರೆ ಈ ಪ್ರಬಂಧದ ಗತಿ ಬೇರೆಯಾಗುತ್ತಿತ್ತು. ಅಕ್ಕಲಕೋಟೆ ತಾಲ್ಲೂಕಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಪುಣೆಯ ಬಾಲಭಾರತಿ ಆ ಮಕ್ಕಳಿಗಾಗಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಬೆಂಗಳೂರಿನ ಸರಕಾರವೂ ಆ ಶಾಲೆಗಳಿಗೆ ಅನುದಾನದ ಮಾತಾಡಿದೆ. ಸಿಇಟಿ ನಿಯಮಗಳ ಗಡಿನಾಡ ಕನ್ನಡಿಗರ ಕಲಮಿನಲ್ಲಿ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಹೆಸರು ಹಿಡಿದು ಬರೆದಿದೆ. ಎರಡು ಸರಕಾರಗಳೂ ಒಂದೇ ಮಗುವಿನ ಬಗ್ಗೆ ಇಷ್ಟು ಬರೆದಿಟ್ಟ ಮೇಲೂ, ಹತ್ತನೆಯ ತರಗತಿ ದಾಟಿದ ಹುಡುಗಿಗೆ ಸಮೀಪದ ಕಾಲೇಜು ಮರಾಠಿಯದು, ನೌಕರಿಯ ಅರ್ಜಿ ಮರಾಠಿಯದು. ಗಡಿ ದಾಟಿ ಈಚೆ ಬಂದರೆ ದಾಖಲೆ ತೋರಿಸು ಎನ್ನುವ ಕಿಟಕಿ. 2022ರಲ್ಲಿ ಅಲ್ಲಿನ ಕೆಲವು ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು ಎದ್ದು ನಿಂತಾಗ ಅವರು ಹೇಳಿದ್ದು ಭಾಷೆಯ ಮಾತಿಗಿಂತ ಹೆಚ್ಚಾಗಿ ರಸ್ತೆ, ನೀರು, ಕರೆಂಟಿನ ಮಾತು. ದೇವದತ್ತನ ಎಂಟು ನಿಮಿಷದಲ್ಲಿ ಇದಕ್ಕೆ ಜಾಗವಿರಲಿಲ್ಲ. ಚಟ್ನಿಗೆ ಎರಡೂವರೆ ನಿಮಿಷ ಹೋಯಿತು. ಇದು ದೋಷವೇ. ಆದರೆ ಇದು ಹೋದದ್ದರ ದೋಷವಲ್ಲ, ಹೋಗಿ ಸಾಕಷ್ಟು ಒಳಗೆ ಹೋಗದಿದ್ದರ ದೋಷ. ಅಕ್ಕಲಕೋಟೆಗೆ ಹೋದದ್ದೇ ತಪ್ಪು ಎಂದವರು ಕೇಳಿದ್ದು ಇದರ ವಿರುದ್ಧವಾದದ್ದನ್ನು.

ಕೊನೆಗೆ ಪ್ರಾಯಶ್ಚಿತ್ತ. ದೇವದತ್ತ ಇನ್ನೊಮ್ಮೆ ಅದೇ ತಾಲ್ಲೂಕಿಗೆ ಹೋಗಿ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯೊಂದರ ಮುಂದೆ ನಿಂತು, ‘ಶಾಲೆ’ಯ ಲಕಾರಕ್ಕೂ ‘ಶಾಳಾ’ದ ಳಕಾರಕ್ಕೂ ನಡುವೆ ಇರುವ ನೆಲವನ್ನು ತಲೆಬರಹವಿಲ್ಲದೆ ತೋರಿಸತಕ್ಕದ್ದು. ಅಷ್ಟು ಪುರುಸೊತ್ತಿಲ್ಲದಿದ್ದರೆ ಚಂದ್ರಭಾಗೆ ಎನಿಸಿಕೊಂಡ ಭೀಮೆಯಲ್ಲಿ ಸ್ನಾನ ವಿಹಿತ. ಆದರೆ ಅದಕ್ಕೆ ಪಂಢರಪುರಕ್ಕೆ ಹೋಗಬೇಕು, ಪಂಢರಪುರ ಸೊಲ್ಲಾಪುರ ಜಿಲ್ಲೆಯಲ್ಲಿದೆ. ತೊಳೆಯಲು ಹೋದ ಪಾಪ ದುಪ್ಪಟ್ಟಾಗುವ ಅಪಾಯವಿದೆ. ಕರ್ನಾಟಕ ಬಿಡದೆ ಮುಗಿಸಬೇಕೆನ್ನುವವರಿಗೆ ಗಾಣಗಾಪುರದ ಸಂಗಮವಿದೆ. ಅಲ್ಲಿ ಹರಿಯುವುದೂ ಅದೇ ಭೀಮೆ, ಸೊಲ್ಲಾಪುರ ಜಿಲ್ಲೆಯನ್ನು ಹಾದೇ ಬಂದ ನೀರು. ಬೇಸಿಗೆಯಲ್ಲಾದರೆ ಉಜನಿ ಅಣೆಕಟ್ಟಿನವರು ನೀರು ಯಾವಾಗ ಬಿಡುತ್ತಾರೆಂದು ಮೊದಲೇ ವಿಚಾರಿಸಿಕೊಂಡು ಹೊರಡುವುದು ಲೇಸು.